ಮೆದು ಖನಿಜಗಳ ಶುಚಿ: ಹಳೆಯ ಪರೀಕ್ಷೆಗಳು ಕಲಿಸುವ ಪಾಠ

ದ್ವಿವಕ್ರೀಭವನವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಐಸ್‌ಲೆಂಡ್ ಸ್ಪಾರ್ ಎಂಬ ಹರಳಿಗಿಂತ ಸರಳವಾದ ಸಾಧನ ಇನ್ನೊಂದಿಲ್ಲ. ಇದು ಕ್ಯಾಲ್ಸೈಟ್ ಖನಿಜದ ಪಾರದರ್ಶಕ ರೂಪ. ಬಿಳಿ ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟು ಅದರ ಮೇಲೆ ಹರಳನ್ನಿರಿಸಿದರೆ ಎರಡು ಚುಕ್ಕೆಗಳು ಕಾಣುತ್ತವೆ. ಹರಳನ್ನು ಮೆಲ್ಲನೆ ತಿರುಗಿಸಿದರೆ ಒಂದು ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ, ಇನ್ನೊಂದು ಅದರ ಸುತ್ತ ಸುತ್ತುತ್ತದೆ. ನಾನು ಅಧ್ಯಾಪಕನಾಗಿ ಸೇರಿದ ಕಾಲೇಜಿನಲ್ಲಿ ಇಂಥದೊಂದು ಹರಳಿತ್ತು. ದಪ್ಪ 27 ಮಿಲಿಮೀಟರ್. ಎರಡು ಚುಕ್ಕೆಗಳ ನಡುವಿನ ಅಂತರ ಸುಮಾರು 3 ಮಿಲಿಮೀಟರ್. ಕೊನೆಯ ಬೆಂಚಿನ ಹುಡುಗರೂ ಎದ್ದುಬಂದು ನೋಡುತ್ತಿದ್ದ ಹರಳು ಅದು.

ಒಂದು ವರ್ಷ ತಪಾಸಣಾ ಸಮಿತಿ ಬರುವುದಿತ್ತು. ಪ್ರಯೋಗಾಲಯದ ಸಹಾಯಕರಿಗೆ ನಾನು ಹೇಳಿದ್ದು ಒಂದೇ ಮಾತು: "ಎಲ್ಲವೂ ಫಳಫಳ ಹೊಳೆಯಬೇಕು." ಅವರು ತಾಮ್ರದ ಕ್ಯಾಲೊರಿಮೀಟರುಗಳನ್ನೂ ಹಿತ್ತಾಳೆಯ ಸಾಮಾನುಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದರು. ಅದೇ ಕೈಯಲ್ಲಿ, ಅದೇ ಹುಣಸೆಹುಳಿಯಲ್ಲಿ ಹರಳನ್ನೂ ತಿಕ್ಕಿ, ಬಟ್ಟೆಯಿಂದ ಒರೆಸಿ ಇಟ್ಟರು. ಮರುದಿನ ನೋಡುತ್ತೇನೆ, ಹರಳು ಸ್ನಾನದ ಮನೆಯ ಕಿಟಕಿಯ ಮಬ್ಬುಗಾಜಿನಂತಾಗಿದೆ. ಚುಕ್ಕೆಗಳು ಎರಡಲ್ಲ, ಒಂದೂ ಸರಿಯಾಗಿ ಕಾಣದು. ತಪ್ಪು ಅವರದಲ್ಲ, ನನ್ನದು. ಹೊಳೆಯಬೇಕು ಎಂದು ಹೇಳಿದ ನಾನು, ಯಾವ ವಸ್ತುವನ್ನು ಯಾವುದರಿಂದ ಶುಚಿ ಮಾಡಬೇಕು ಎಂದು ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಅದು ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಆ ಬಳಿಕ ಖನಿಜವಿಜ್ಞಾನದ ಚರಿತ್ರೆಯನ್ನು ಓದುತ್ತ ಹೋದಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಖನಿಜವೊಂದನ್ನು ಗುರುತಿಸಲು ಹಿಂದಿನವರು ಅದನ್ನು ಗೀಚಿದರು, ಹುಳಿ ಹಾಕಿದರು, ನೀರಿನಲ್ಲಿ ನೆನೆಸಿದರು, ಕಾಯಿಸಿದರು, ಒಡೆದರು. ಈ ಪ್ರತಿಯೊಂದು ಪರೀಕ್ಷೆಯೂ ಖನಿಜವನ್ನು ಸ್ವಲ್ಪವಾದರೂ ಹಾಳುಮಾಡಿಯೇ ಉತ್ತರ ಕೊಡುತ್ತದೆ. ನಾವು ಮನೆಯಲ್ಲೋ ಶಾಲೆಯಲ್ಲೋ ಮಾದರಿಗಳನ್ನು ಶುಚಿಗೊಳಿಸಲು ಹೊರಟಾಗ ಇದೇ ಪರೀಕ್ಷೆಗಳನ್ನು ನಮಗೆ ತಿಳಿಯದಂತೆ ಮತ್ತೆ ಮಾಡುತ್ತೇವೆ. ಆದ್ದರಿಂದ ಪರೀಕ್ಷೆಗಳ ಚರಿತ್ರೆ ತಿಳಿದರೆ ಶುಚಿಗೊಳಿಸುವಾಗ ಏನು ಮಾಡಬಾರದು ಎಂಬುದೂ ತಾನಾಗಿ ತಿಳಿಯುತ್ತದೆ.

ಗೀಚುವ ಪರೀಕ್ಷೆ: ಬಳಪದಿಂದ ವಜ್ರದವರೆಗೆ

ಸ್ಲೇಟಿನ ಮೇಲೆ ಬಳಪದಿಂದ ಬರೆದವರೆಲ್ಲರೂ ಕಾಠಿಣ್ಯದ ಮೊದಲ ಪ್ರಯೋಗವನ್ನು ಮಾಡಿದವರೇ. ಬಳಪ ಮೆದು, ಸ್ಲೇಟು ಗಡಸು. ಆದ್ದರಿಂದ ಬಳಪ ಸವೆದು ಸ್ಲೇಟಿನ ಮೇಲೆ ಗೆರೆಯಾಗಿ ಉಳಿಯುತ್ತದೆ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಅಷ್ಟು ನವುರಾದ ಕೆತ್ತನೆ ಮಾಡಲು ಸಾಧ್ಯವಾದದ್ದು ಬಳಪದ ಕಲ್ಲಿನ ಈ ಮೆದುತನದಿಂದಲೇ.

ಒಂದು ಕಲ್ಲು ಇನ್ನೊಂದನ್ನು ಗೀಚುತ್ತದೆ ಎಂಬ ಅರಿವು ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ವಿದ್ವಾಂಸ ಥಿಯೋಫ್ರಾಸ್ಟಸ್, ಕೆಲವು ಕಲ್ಲುಗಳನ್ನು ಕಬ್ಬಿಣದಿಂದ ಕೆತ್ತಬಹುದು, ಇನ್ನು ಕೆಲವನ್ನು ಬೇರೆ ಕಲ್ಲುಗಳಿಂದ ಮಾತ್ರ ಕೆತ್ತಲು ಸಾಧ್ಯ ಎಂದು ತನ್ನ ಶಿಲಾಗ್ರಂಥದಲ್ಲಿ ದಾಖಲಿಸಿದ್ದಾನೆ. ನಮ್ಮ ರತ್ನಪರೀಕ್ಷಾ ಗ್ರಂಥಗಳು ವಜ್ರವು ಉಳಿದೆಲ್ಲ ರತ್ನಗಳನ್ನು ಗೀಚುತ್ತದೆ, ಅದನ್ನು ಬೇರಾವುದೂ ಗೀಚದು ಎಂದು ಹೇಳುತ್ತವೆ.

ಈ ಅರಿವನ್ನು ಕ್ರಮಬದ್ಧ ಪಟ್ಟಿಯಾಗಿ ಮಾಡಿದವನು ಫ್ರೀಡ್ರಿಕ್ ಮೋಸ್. 1773ರಲ್ಲಿ ಜರ್ಮನಿಯ ಗೆರ್ನ್‌ರೋಡೆಯಲ್ಲಿ ಹುಟ್ಟಿದ ಈತ ಫ್ರೈಬರ್ಗ್ ಗಣಿ ಅಕಾಡೆಮಿಯಲ್ಲಿ ಆ ಕಾಲದ ಪ್ರಸಿದ್ಧ ಖನಿಜವಿಜ್ಞಾನಿ ವರ್ನರ್‌ನ ಶಿಷ್ಯನಾಗಿದ್ದ. ಅನಂತರ ವಿಯೆನ್ನಾದ ಶ್ರೀಮಂತ ಬ್ಯಾಂಕರ್ ಒಬ್ಬನ ಖನಿಜಸಂಗ್ರಹದ ವಿವರಪಟ್ಟಿ ತಯಾರಿಸುವ ಕೆಲಸ ಸಿಕ್ಕಿತು. ಸಾವಿರಾರು ಮಾದರಿಗಳನ್ನು ಒಂದೊಂದಾಗಿ ಗುರುತಿಸಬೇಕಾದವನಿಗೆ ಸುಲಭವಾದ, ಖಚಿತವಾದ ಅಳತೆಗೋಲು ಬೇಕೇಬೇಕು. 1812ರಲ್ಲಿ ಗ್ರಾಜ್ ನಗರದ ಯೊಹಾನಿಯಮ್ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾದ ಮೋಸ್ ರೂಪಿಸಿದ ಹತ್ತು ಮೆಟ್ಟಿಲುಗಳ ಕಾಠಿಣ್ಯ ಮಾಪಕವನ್ನು ನಾವು ಇಂದಿಗೂ ಬಳಸುತ್ತಿದ್ದೇವೆ.

ಮೆಟ್ಟಿಲುಗಳು ಹೀಗಿವೆ: 1 ಟಾಲ್ಕ್, 2 ಜಿಪ್ಸಮ್, 3 ಕ್ಯಾಲ್ಸೈಟ್, 4 ಫ್ಲೂರೈಟ್, 5 ಅಪಟೈಟ್, 6 ಆರ್ಥೊಕ್ಲೇಸ್, 7 ಕ್ವಾರ್ಟ್ಸ್, 8 ಟೋಪಾಜ್, 9 ಕುರಂದ, 10 ವಜ್ರ. ಮೇಲಿನ ಮೆಟ್ಟಿಲಿನದು ಕೆಳಗಿನದನ್ನು ಗೀಚುತ್ತದೆ. ನಮ್ಮ ಉಗುರಿನ ಕಾಠಿಣ್ಯ ಸುಮಾರು 2.5. ಆದ್ದರಿಂದ ಜಿಪ್ಸಮ್ ಉಗುರಿಗೇ ಸೋಲುತ್ತದೆ. ಮಾಣಿಕ್ಯ, ನೀಲಗಳು ಕುರಂದದ ಜಾತಿಯವು. ಇವು ಮನೆಯ ಬಳಕೆಯಲ್ಲಿ ಸುಲಭವಾಗಿ ಗೀರು ಬೀಳುವಂಥವಲ್ಲ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಒಂದಿದೆ. ಮೋಸ್‌ನ ಅಂಕಿಗಳು ಕ್ರಮವನ್ನು ಸೂಚಿಸುತ್ತವೆಯೇ ಹೊರತು ಪ್ರಮಾಣವನ್ನಲ್ಲ. ಓಟದ ಸ್ಪರ್ಧೆಯಲ್ಲಿ ಮೊದಲನೆಯವ, ಎರಡನೆಯವ ಎಂದಷ್ಟೇ ಹೇಳಿ ಅವರ ನಡುವಿನ ಅಂತರವನ್ನು ಹೇಳದಿದ್ದಂತೆ. ವಜ್ರದ ಮೊನೆಯನ್ನು ಗೊತ್ತಾದ ಬಲದಿಂದ ಒತ್ತಿ ಬಿದ್ದ ಗುಳಿಯನ್ನು ಅಳೆಯುವ ವಿಧಾನವನ್ನು ಅಮೆರಿಕದಲ್ಲಿ ನೂಪ್ ಮತ್ತು ಸಂಗಡಿಗರು 1939ರಲ್ಲಿ ಪ್ರಕಟಿಸಿದರು. ಆ ಅಳತೆಯಲ್ಲಿ ಜಿಪ್ಸಮ್ ಸುಮಾರು 32, ಕ್ಯಾಲ್ಸೈಟ್ ಸುಮಾರು 135, ಫ್ಲೂರೈಟ್ ಸುಮಾರು 163, ಕ್ವಾರ್ಟ್ಸ್ ಸುಮಾರು 820. ಅಂದರೆ ಮೋಸ್ ಮಾಪಕದಲ್ಲಿ 3 ಮತ್ತು 7 ಎಂದು ಕಾಣುವ ಕ್ಯಾಲ್ಸೈಟ್ ಮತ್ತು ಕ್ವಾರ್ಟ್ಸ್‌ಗಳ ನಡುವೆ ವಾಸ್ತವವಾಗಿ ಆರು ಪಟ್ಟು ಅಂತರವಿದೆ.

ಬಟ್ಟೆಯಲ್ಲ, ದೂಳು ಗೀಚುತ್ತದೆ

ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿದರೆ ಹರಳಿಗೆ ಏನಾದೀತು ಎಂದು ನೀವು ಕೇಳಬಹುದು. ಹತ್ತಿ ಗೀಚುವುದಿಲ್ಲ, ನಿಜ. ಆದರೆ ಹರಳಿನ ಮೇಲೆ ಕೂತ ದೂಳಿನಲ್ಲಿ ಏನಿದೆ? ಬಟ್ಟೆಯ ಎಳೆ, ಚರ್ಮದ ಹೊಟ್ಟು, ಹೊಗೆಯ ಮಸಿ, ಇವುಗಳ ಜೊತೆಗೆ ಹೊರಗಿನಿಂದ ಬಂದ ಮಣ್ಣಿನ ಕಣಗಳೂ ಇವೆ. ಬಂಡೆಗಳು ಮಳೆ ಬಿಸಿಲಿಗೆ ಶಿಥಿಲವಾದಾಗ ಅವುಗಳಲ್ಲಿನ ಫೆಲ್ಡ್‌ಸ್ಪಾರ್‌ನಂಥ ಖನಿಜಗಳು ಕ್ರಮೇಣ ಜೇಡಿಯಾಗುತ್ತವೆ. ಕ್ವಾರ್ಟ್ಸ್ ಮಾತ್ರ ಸುಲಭವಾಗಿ ಕರಗದು, ಸುಲಭವಾಗಿ ಸೀಳದು. ಅದು ಮರಳಾಗಿ, ಕೊನೆಗೆ ಕಣ್ಣಿಗೆ ಕಾಣದ ಕಣವಾಗಿ ಉಳಿದು ಗಾಳಿಯಲ್ಲಿ ತೇಲಿ ನಮ್ಮ ಕಪಾಟಿಗೆ ಬರುತ್ತದೆ.

ಅಂದರೆ ದೂಳು ಹಿಡಿದ ಕ್ಯಾಲ್ಸೈಟನ್ನು ಒಣಬಟ್ಟೆಯಿಂದ ಒತ್ತಿ ಒರೆಸುವಾಗ ನಾವು ಮಾಡುತ್ತಿರುವುದು ಮೋಸ್‌ನ ಪ್ರಯೋಗವನ್ನೇ. ಏಳನೆಯ ಮೆಟ್ಟಿಲಿನ ಖನಿಜದಿಂದ ಮೂರನೆಯ ಮೆಟ್ಟಿಲಿನದನ್ನು ಗೀಚುತ್ತಿದ್ದೇವೆ. ಬಟ್ಟೆ ಕೇವಲ ಹಿಡಿಕೆ. ಟಾಲ್ಕ್, ಜಿಪ್ಸಮ್, ಕ್ಯಾಲ್ಸೈಟ್, ಫ್ಲೂರೈಟ್, ಅಪಟೈಟ್, ಮುತ್ತು, ಹವಳ, ಮಲಕೈಟ್, ಕ್ಷೀರಸ್ಫಟಿಕ ಎಂದು ಕೆಲವರು ಕರೆಯುವ ಓಪಲ್, ಇವೆಲ್ಲವೂ ಕ್ವಾರ್ಟ್ಸ್‌ಗಿಂತ ಮೆದು. ಪಾತ್ರೆ ತಿಕ್ಕುವ ಪುಡಿ, ಒಲೆಯ ಬೂದಿ, ಹಲ್ಲುಜ್ಜುವ ಪೇಸ್ಟು ಇವುಗಳಲ್ಲಿ ಉಜ್ಜುವುದಕ್ಕೆಂದೇ ಗಡಸು ಕಣಗಳಿರುತ್ತವೆ. ಮುತ್ತಿನ ಓಲೆಯನ್ನು ಟೂತ್‌ಪೇಸ್ಟಿನಿಂದ ತೊಳೆದರೆ ಹೊಳಪು ಬರುತ್ತದೆ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ. ಹೋಗುವುದು ಕೊಳೆ ಮಾತ್ರವಲ್ಲ, ಮುತ್ತಿನ ಮೇಲ್ಪದರವೂ ಹೋಗುತ್ತದೆ.

ಗರುಡಪುರಾಣದ ರತ್ನಪರೀಕ್ಷೆಯ ಭಾಗದಲ್ಲಿ ಮುತ್ತು ಅಸಲಿಯೇ ನಕಲಿಯೇ ಎಂದು ತಿಳಿಯಲು ಅದನ್ನು ಒಣಬಟ್ಟೆಯಲ್ಲಿ ಸುತ್ತಿ ಭತ್ತದೊಂದಿಗೆ ಉಜ್ಜುವ ವಿಧಾನವಿದೆ. ಬಣ್ಣಗೆಡದಿದ್ದರೆ ಅಸಲಿ. ಭತ್ತದ ಹೊಟ್ಟಿನಲ್ಲಿ ಸಿಲಿಕ ಹೇರಳವಾಗಿದೆ ಎಂಬುದು ಇಂದು ನಮಗೆ ಗೊತ್ತು. ನಡುವೆ ಬಟ್ಟೆ ಇರಬೇಕೆಂದು ಹೇಳಿರುವುದು ಗಮನಾರ್ಹ. ಆದರೂ ಇದು ಒಮ್ಮೆ ಮಾಡಿ ನೋಡುವ ಪರೀಕ್ಷೆ, ಪ್ರತಿ ವಾರ ಮಾಡುವ ಶುಚಿಕಾರ್ಯವಲ್ಲ.

ಹುಳಿಯ ಪರೀಕ್ಷೆ: ತಕ್ಕಡಿಗೆ ಕಾಣದ್ದು ಕಣ್ಣಿಗೆ ಕಾಣುತ್ತದೆ

ರಾಣಿ ಕ್ಲಿಯೋಪಾತ್ರ ಬೆಲೆಯೇ ಕಟ್ಟಲಾಗದ ಮುತ್ತೊಂದನ್ನು ವಿನೆಗರ್‌ನಲ್ಲಿ ಕರಗಿಸಿ ಕುಡಿದಳೆಂಬ ಕಥೆಯನ್ನು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಇಡೀ ಮುತ್ತು ಕ್ಷಣಾರ್ಧದಲ್ಲಿ ಕರಗಲಾರದು. ಆದರೆ ಕಥೆಯ ಹಿಂದಿನ ರಸಾಯನವಿಜ್ಞಾನ ಸುಳ್ಳಲ್ಲ. ಮುತ್ತು, ಹವಳ, ಚಿಪ್ಪು, ಅಮೃತಶಿಲೆ, ಕ್ಯಾಲ್ಸೈಟ್ ಇವೆಲ್ಲವೂ ಮುಖ್ಯವಾಗಿ ಕ್ಯಾಲ್ಸಿಯಮ್ ಕಾರ್ಬೊನೇಟ್. ಹುಳಿ ತಾಗಿದರೆ ಬುರುಗು ಬಂದು ಅನಿಲ ಹೊರಬೀಳುತ್ತದೆ. ಈ ಅನಿಲ ನಾವು ಉಸಿರಾಡುವ ಗಾಳಿಗಿಂತ ಬೇರೆಯೇ ಆದದ್ದು ಎಂದು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1750ರ ದಶಕದಲ್ಲಿ ಮೆಗ್ನೀಸಿಯಾ ಮತ್ತು ಸುಣ್ಣಕಲ್ಲುಗಳ ಮೇಲಿನ ತನ್ನ ಪ್ರಯೋಗಗಳಿಂದ ತೋರಿಸಿದ. ಅದೇ ಇಂದಿನ ಕಾರ್ಬನ್ ಡೈಆಕ್ಸೈಡ್. ಇಂದಿಗೂ ಭೂವಿಜ್ಞಾನದ ವಿದ್ಯಾರ್ಥಿ ಕ್ಷೇತ್ರಕಾರ್ಯಕ್ಕೆ ಹೊರಟಾಗ ಚೀಲದಲ್ಲಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಪುಟ್ಟ ಸೀಸೆ ಇರುತ್ತದೆ. ಒಂದು ತೊಟ್ಟು ಹಾಕು, ಬುರುಗು ಬಂದರೆ ಕ್ಯಾಲ್ಸೈಟ್.

ನಮ್ಮ ಹರಳಿಗೆ ಹುಣಸೆಹುಳಿಯಿಂದ ಆದದ್ದೂ ಇದೇ. ಎಷ್ಟು ಕರಗಿದ್ದೀತು? ಲೆಕ್ಕ ಹಾಕಿ ನೋಡೋಣ. ಗೋಚರ ಬೆಳಕಿನ ತರಂಗದೂರ ಸುಮಾರು ಅರ್ಧ ಮೈಕ್ರೊಮೀಟರ್. ನುಣುಪಾದ ಮೈಯಲ್ಲಿ ಅಷ್ಟು ಆಳದ ಉಬ್ಬುತಗ್ಗುಗಳಾದರೆ ಸಾಕು, ಬೆಳಕು ಚದುರಿ ಮೈ ಮಬ್ಬಾಗುತ್ತದೆ. ಒಂದು ಚದರ ಸೆಂಟಿಮೀಟರ್ ಮೈಯಿಂದ ಅರ್ಧ ಮೈಕ್ರೊಮೀಟರ್ ಪದರ ಹೋಗಲು, ಕ್ಯಾಲ್ಸೈಟ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಮ್ ಆದ್ದರಿಂದ, ಸುಮಾರು 0.135 ಮಿಲಿಗ್ರಾಮ್ ಕರಗಿದರೆ ಸಾಕು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲದ ಅಣುತೂಕ 150, ಕ್ಯಾಲ್ಸಿಯಮ್ ಕಾರ್ಬೊನೇಟಿನದು 100. ಒಂದು ಅಣು ಆಮ್ಲ ಒಂದು ಘಟಕ ಕಾರ್ಬೊನೇಟನ್ನು ಕರಗಿಸುತ್ತದೆ ಎಂದುಕೊಂಡರೆ ಬೇಕಾದ ಆಮ್ಲ ಸುಮಾರು 0.2 ಮಿಲಿಗ್ರಾಮ್. ನೂರಕ್ಕೆ ಒಂದು ಪಾಲು ಆಮ್ಲವಿರುವ ಹುಳಿನೀರಿನ ಒಂದೇ ತೊಟ್ಟಿನಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು ಆಮ್ಲವಿರುತ್ತದೆ! ಪ್ರಯೋಗಾಲಯದ ಸಾಮಾನ್ಯ ತಕ್ಕಡಿ ಈ ನಷ್ಟವನ್ನು ತೋರಿಸಲಾರದು. ಕಣ್ಣು ತೋರಿಸುತ್ತದೆ. ಸಾಲದ್ದಕ್ಕೆ, ಹೀಗೆ ಉಂಟಾಗುವ ಕ್ಯಾಲ್ಸಿಯಮ್ ಟಾರ್ಟರೇಟ್ ನೀರಿನಲ್ಲಿ ಸುಲಭವಾಗಿ ಕರಗದ ಬಿಳಿಯ ಪದಾರ್ಥ.

ಆದ್ದರಿಂದ ಹಿತ್ತಾಳೆಗೆ ಒಳ್ಳೆಯದಾದ ಹುಣಸೆ, ನಿಂಬೆ, ವಿನೆಗರ್‌ಗಳು ಈ ಗುಂಪಿನ ಹರಳುಗಳಿಗೆ ವಿಷ. ಆಭರಣ ತೊಳೆಯಲು ನಮ್ಮಲ್ಲಿ ಬಳಸುವ ಅಂಟುವಾಳಕಾಯಿಯ ನೊರೆ ಚಿನ್ನಕ್ಕೆ ಸರಿ. ಆದರೆ ಅದರ ನೀರು ಕೂಡ ತುಸು ಆಮ್ಲೀಯ. ಮುತ್ತು, ಹವಳಗಳನ್ನು ಅದರಲ್ಲಿ ನೆನೆಹಾಕಬಾರದು. ಬೆವರು, ಸುಗಂಧದ್ರವ್ಯಗಳೂ ಮುತ್ತಿನ ಮೈಯನ್ನು ಕೆಡಿಸುತ್ತವೆ. ಅಲಂಕಾರವೆಲ್ಲ ಮುಗಿದ ಮೇಲೆ ಮುತ್ತು ಧರಿಸಿ, ಮನೆಗೆ ಬಂದ ಕೂಡಲೇ ಮೊದಲು ಮುತ್ತನ್ನು ತೆಗೆಯಿರಿ ಎಂಬ ಸಲಹೆಯ ಹಿಂದಿರುವ ಕಾರಣವಿದು.

ಹುಳಿ ಸೀಸೆಯಿಂದಲೇ ಬರಬೇಕೆಂದಿಲ್ಲ, ಕಪಾಟಿನಿಂದಲೂ ಬರಬಹುದು. ವಸ್ತುಸಂಗ್ರಹಗಳಲ್ಲಿಟ್ಟ ಚಿಪ್ಪುಗಳ ಮೇಲೆ ಬಿಳಿಯ ಹುಡಿ ಮೂಡಿ ಅವು ಹಾಳಾಗುತ್ತಿದ್ದುದನ್ನು ಇಂಗ್ಲೆಂಡಿನ ಬೈನ್ 1899ರಲ್ಲಿ ವರ್ಣಿಸಿದ. ಬಹುಕಾಲ ಇದನ್ನು ಬೈನ್ ರೋಗವೆಂದೇ ಕರೆಯುತ್ತಿದ್ದರು. ಇದು ರೋಗವಲ್ಲ. ಮರದ ಕಪಾಟುಗಳಿಂದ, ಅದರಲ್ಲೂ ಓಕ್ ಮರದಿಂದ, ಹೊರಬರುವ ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲಗಳ ಆವಿ ಚಿಪ್ಪಿನೊಡನೆ ವರ್ತಿಸಿ ಲವಣಗಳಾಗುತ್ತವೆ ಎಂಬುದನ್ನು ಟೆನೆಂಟ್ ಮತ್ತು ಬೇರ್ಡ್ 1985ರಲ್ಲಿ ವಿವರವಾದ ವಿಶ್ಲೇಷಣೆಯಿಂದ ತೋರಿಸಿದರು. ನಮ್ಮ ಶಾಲೆಗಳಲ್ಲಿ ಪ್ಲೈವುಡ್ ಕಪಾಟಿನ ಗಾಜಿನ ಬಾಗಿಲು ಹಾಕಿ, ವರ್ಷಗಟ್ಟಲೆ ತೆರೆಯದೆ ಚಿಪ್ಪು, ಹವಳಗಳನ್ನು ಇಡುವವರು ಇದನ್ನು ನೆನಪಿಡಬೇಕು. ಹುಡಿ ಕಂಡರೆ ತಿಕ್ಕಿ ತೊಳೆಯುವುದಕ್ಕಿಂತ ಜಾಗ ಬದಲಿಸುವುದು ಮುಖ್ಯ.

ನೀರೂ ನಿರಪಾಯವಲ್ಲ

ಹುಳಿ ಬೇಡ, ಬರಿಯ ನೀರಿನಲ್ಲಿ ನೆನೆಹಾಕೋಣ ಎನ್ನುತ್ತೀರಾ? ಇದಕ್ಕೆ ಉತ್ತರ 1690ರಷ್ಟು ಹಿಂದೆಯೇ ಸಿಕ್ಕಿದೆ. ಐಸ್‌ಲೆಂಡ್ ಸ್ಪಾರ್‌ನ ದ್ವಿವಕ್ರೀಭವನವನ್ನು ಡೆನ್ಮಾರ್ಕಿನ ಬಾರ್ಥೊಲಿನ್ 1669ರಲ್ಲಿ ಪ್ರಕಟಿಸಿದ. ಅದಕ್ಕೆ ತರಂಗವಾದದ ವಿವರಣೆ ಕೊಟ್ಟವನು ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸ್. ಬೆಳಕಿನ ಕುರಿತ ತನ್ನ ಗ್ರಂಥದಲ್ಲಿ ಈ ಹರಳಿನ ಗುಣಗಳನ್ನು ಪಟ್ಟಿಮಾಡುತ್ತ, ಒಂದೆರಡು ದಿನ ನೀರಿನಲ್ಲಿಟ್ಟರೆ ಅದು ಸಹಜ ಹೊಳಪನ್ನು ಕಳೆದುಕೊಳ್ಳುತ್ತದೆ, ನೈಟ್ರಿಕ್ ಆಮ್ಲ ಸುರಿದರೆ ಕುದಿಯುವಂತೆ ಬುರುಗುತ್ತದೆ ಎಂದು ಆತ ದಾಖಲಿಸಿದ್ದಾನೆ. ಹೈಗೆನ್ಸ್‌ನ ತರಂಗತತ್ತ್ವವನ್ನು ಪ್ರತಿವರ್ಷ ಪಾಠ ಹೇಳುತ್ತಿದ್ದ ನನಗೆ ಅವನ ಈ ಸಾಲುಗಳು ಕಣ್ಣಿಗೆ ಬಿದ್ದದ್ದು ಹರಳು ಕೆಟ್ಟ ಮೇಲೆ! ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗಿ ದುರ್ಬಲ ಆಮ್ಲವಾಗುತ್ತದೆ. ಸುಣ್ಣಕಲ್ಲಿನ ಗುಹೆಗಳನ್ನು ಕೊರೆದದ್ದೂ ಇದೇ ಆಮ್ಲ.

ಬೇರೆ ಖನಿಜಗಳ ಸ್ಥಿತಿ ಇನ್ನೂ ಸೂಕ್ಷ್ಮ. ಕಲ್ಲುಪ್ಪಿನ ಹರಳು 100 ಮಿಲಿಲೀಟರ್ ನೀರಿನಲ್ಲಿ 36 ಗ್ರಾಮಿನಷ್ಟು ಕರಗುತ್ತದೆ. ಜಿಪ್ಸಮ್ ಲೀಟರಿಗೆ ಎರಡು ಗ್ರಾಮಿಗಿಂತ ತುಸು ಹೆಚ್ಚು ಕರಗುತ್ತದೆ. ಎರಡು ಗ್ರಾಮ್ ಬಹಳ ಕಡಿಮೆ ಎನಿಸಬಹುದು. ಆದರೆ ಮೇಲಿನ ಲೆಕ್ಕವನ್ನು ನೆನಪಿಸಿಕೊಳ್ಳಿ. ಹೊಳಪು ಹೋಗಲು ಮಿಲಿಗ್ರಾಮಿನ ಒಂದಂಶ ಸಾಕು.

ಬಿಸಿ ಮತ್ತು ಪೆಟ್ಟು

ಫ್ರಾನ್ಸಿನ ಪಾದ್ರಿ ರೆನೆ ಹಾಯ್ ಸ್ನೇಹಿತನೊಬ್ಬನ ಸಂಗ್ರಹ ನೋಡುತ್ತಿದ್ದಾಗ ಕ್ಯಾಲ್ಸೈಟ್ ಹರಳೊಂದು ಕೈಜಾರಿ ಬಿದ್ದು ಒಡೆಯಿತಂತೆ. ಚೂರುಗಳೆಲ್ಲ ಒಂದೇ ಕೋನಗಳ ಪುಟ್ಟ ಓರೆಪೆಟ್ಟಿಗೆಗಳಂತೆ ಇದ್ದುದನ್ನು ಕಂಡು ಆತ ಹರಳುಗಳ ಒಳರಚನೆಯ ಬಗ್ಗೆ ಯೋಚಿಸತೊಡಗಿದನೆಂಬುದು ವಿಜ್ಞಾನದ ಪ್ರಸಿದ್ಧ ಕಥೆಗಳಲ್ಲೊಂದು. 1784ರಲ್ಲಿ ಪ್ರಕಟವಾದ ಅವನ ಗ್ರಂಥ ಸ್ಫಟಿಕವಿಜ್ಞಾನಕ್ಕೆ ಬುನಾದಿ ಹಾಕಿತು. ಕ್ಯಾಲ್ಸೈಟ್‌ಗೆ ಮೂರು ದಿಕ್ಕಿನಲ್ಲಿ, ಫ್ಲೂರೈಟ್‌ಗೆ ನಾಲ್ಕು ದಿಕ್ಕಿನಲ್ಲಿ ನಿರ್ದಿಷ್ಟ ಸೀಳುತಲಗಳಿವೆ. ಈ ತಲಗಳಲ್ಲಿ ಪರಮಾಣುಗಳ ಬಂಧ ದುರ್ಬಲ. ಸಣ್ಣ ಪೆಟ್ಟಿಗೂ ಹರಳು ಅಲ್ಲಿಯೇ ಸೀಳುತ್ತದೆ.

ಪೆಟ್ಟು ಸುತ್ತಿಗೆಯಿಂದಲೇ ಬೀಳಬೇಕಿಲ್ಲ, ಬಿಸಿನೀರಿನಿಂದಲೂ ಬೀಳುತ್ತದೆ. ಕ್ಯಾಲ್ಸೈಟನ್ನು ಕಾಯಿಸಿದಾಗ ಅದರ ಮುಖಗಳ ನಡುವಿನ ಕೋನ ಬದಲಾಗುವುದನ್ನು ಜರ್ಮನಿಯ ಮಿಚರ್ಲಿಚ್ 1820ರ ದಶಕದಲ್ಲಿ ಅಳೆದು ತೋರಿಸಿದ. ಕಾರಣ ಕುತೂಹಲಕಾರಿ. ಕಾಯಿಸಿದಾಗ ಈ ಹರಳು ತನ್ನ ಮುಖ್ಯ ಅಕ್ಷದ ಉದ್ದಕ್ಕೆ ಹಿಗ್ಗುತ್ತದೆ, ಅದಕ್ಕೆ ಅಡ್ಡವಾಗಿ ಕುಗ್ಗುತ್ತದೆ! ತಣ್ಣನೆಯ ಹರಳನ್ನು ಒಮ್ಮೆಲೇ ಬಿಸಿನೀರಿಗೆ ಹಾಕಿದರೆ ಹೊರಮೈ ಒಂದು ಆಕಾರಕ್ಕೆ, ಒಳಭಾಗ ಇನ್ನೊಂದು ಆಕಾರಕ್ಕೆ ಎಳೆಯುತ್ತದೆ. ಸೀಳುತಲ ಬಾಯಿಬಿಡುತ್ತದೆ. ಫ್ಲೂರೈಟ್ ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿದರೂ, ಸಾಮಾನ್ಯ ಗಾಜಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅದರ ಗತಿಯೂ ಹೀಗೆಯೇ.

ಈಗ ಮನೆಬಳಕೆಗೂ ಶ್ರವಣಾತೀತ ತರಂಗಗಳಿಂದ ಆಭರಣ ತೊಳೆಯುವ ಪುಟ್ಟ ಯಂತ್ರಗಳು ಸಿಗುತ್ತವೆ. ಸುಮಾರು 40 ಕಿಲೊಹರ್ಟ್ಸ್ ಆವೃತ್ತಿಯ ಕಂಪನದಿಂದ ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ತಟ್ಟನೆ ಕುಸಿಯುತ್ತವೆ. ಹೀಗೆ ಕುಸಿಯುವ ಗುಳ್ಳೆಯಲ್ಲಿ ಎಷ್ಟು ಅಗಾಧ ಒತ್ತಡ ಉಂಟಾಗುತ್ತದೆ ಎಂಬುದನ್ನು ಲಾರ್ಡ್ ರ‍್ಯಾಲೆ 1917ರಲ್ಲಿಯೇ ಗಣಿಸಿದ್ದ. ಕೊಳೆಯನ್ನು ಕೀಳುವುದು ಆ ಒತ್ತಡವೇ. ಬಿರುಕಿಲ್ಲದ ವಜ್ರ ಅದನ್ನು ತಡೆದೀತು. ಮುತ್ತು, ಹವಳ, ಓಪಲ್, ಫ್ಲೂರೈಟ್, ಕ್ಯಾಲ್ಸೈಟ್‌ಗಳನ್ನು ಈ ಯಂತ್ರದೊಳಗೆ ಹಾಕಲೇಬಾರದು. ಪಚ್ಚೆ ಗಡಸಾದರೂ ಅದರ ಬಿರುಕುಗಳಲ್ಲಿ ಎಣ್ಣೆ ತುಂಬಿಸಿರುವುದು ಸಾಮಾನ್ಯ. ಯಂತ್ರವಾಗಲಿ ಬಿಸಿನೀರಾಗಲಿ ಆ ಎಣ್ಣೆಯನ್ನು ತೆಗೆದು ಮುಚ್ಚಿದ್ದ ಬಿರುಕನ್ನು ಕಾಣಿಸುವಂತೆ ಮಾಡುತ್ತದೆ.

ಮುತ್ತಿನ ಬಣ್ಣ ಎಲ್ಲಿದೆ?

1814ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಮುತ್ತಿನ ಚಿಪ್ಪಿನ ಬಣ್ಣಗಳನ್ನು ಕುರಿತು ಬರೆದ. ಚಿಪ್ಪಿನ ಮೈಯನ್ನು ಮೇಣಕ್ಕೆ ಒತ್ತಿ ತೆಗೆದಾಗ ಬಣ್ಣಗಳು ಮೇಣದ ಮೇಲೂ ಕಾಣಿಸಿಕೊಂಡವು! ಮೇಣಕ್ಕೆ ಹತ್ತಿದ್ದು ಬಣ್ಣದ ಪದಾರ್ಥವಲ್ಲ, ಚಿಪ್ಪಿನ ಮೈಮೇಲಿನ ಅತಿ ಸೂಕ್ಷ್ಮ ಗೀರುಸಾಲುಗಳ ಅಚ್ಚು. ಅಂದರೆ ಬಣ್ಣದ ಒಂದು ಪಾಲು ಮೈಯ ಆಕಾರದಲ್ಲೇ ಇದೆ. ಇನ್ನೊಂದು ಪಾಲು ಒಳಗಿನ ತೆಳುಪದರಗಳಿಂದ ಬರುವ ಬೆಳಕಿನ ವ್ಯತಿಕರಣ. ಸುಮಾರು ಅರ್ಧ ಮೈಕ್ರೊಮೀಟರ್ ದಪ್ಪದ ಅರಗೊನೈಟ್ ಬಿಲ್ಲೆಗಳು, ನಡುವೆ ಪ್ರೋಟೀನಿನ ತೆಳುವಾದ ಗಾರೆ, ಹೀಗೆ ಇಟ್ಟಿಗೆ ಗೋಡೆಯಂತಿದೆ ಮುತ್ತಿನ ರಚನೆ.

ನಮ್ಮ ಸಿ.ವಿ. ರಾಮನ್ ಅವರನ್ನು ಈ ವಿಷಯ ದಶಕಗಳ ಕಾಲ ಸೆಳೆದಿತ್ತು. 1935ರಲ್ಲಿ ಬೆಂಗಳೂರಿನಲ್ಲಿದ್ದಾಗ ಅವರು ಬಣ್ಣ ಮಿನುಗುವ ಚಿಪ್ಪುಗಳ ರಚನೆ ಮತ್ತು ಬೆಳಕಿನ ವರ್ತನೆಯನ್ನು ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು. 1950ರ ದಶಕದಲ್ಲಿ, ತಾವೇ ಸ್ಥಾಪಿಸಿದ ರಾಮನ್ ಸಂಶೋಧನ ಸಂಸ್ಥೆಯಲ್ಲಿ, ಶಿಷ್ಯರೊಡನೆ ಲ್ಯಾಬ್ರಡೊರೈಟ್, ಓಪಲ್ ಮತ್ತು ಮುತ್ತುಗಳ ಮೇಲೆ ಕೆಲಸ ಮಾಡಿದರು. ಅವರು ಆಸ್ಥೆಯಿಂದ ಕೂಡಿಸಿದ ಹರಳು, ಖನಿಜ, ಚಿಪ್ಪುಗಳ ಸಂಗ್ರಹ ಕೇವಲ ಅಲಂಕಾರವಾಗಿರಲಿಲ್ಲ, ಸಂಶೋಧನೆಯ ಸಾಮಗ್ರಿಯಾಗಿತ್ತು. ಓಪಲ್‌ನೊಳಗೆ ಸಿಲಿಕದ ಸೂಕ್ಷ್ಮ ಗೋಲಗಳು ಸಾಲಾಗಿ ಜೋಡಿಸಿಕೊಂಡಿರುವುದನ್ನು 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. ಆ ಗೋಲಗಳ ಜೊತೆ ನೀರಿನ ಅಂಶವೂ ಇದೆ. ಓಪಲ್ ಒಣಗಿದರೆ ಬಿರುಕು ಬಿಡುವ ಅಪಾಯವಿರುವುದು ಆದ್ದರಿಂದಲೇ.

ಇದೆಲ್ಲದರಿಂದ ತಿಳಿಯುವುದೇನು? ಇಂಥ ಹರಳುಗಳ ಸೌಂದರ್ಯವೂ ಅವು ಹೇಳುವ ವಿಜ್ಞಾನವೂ ಬೆಳಕಿನ ತರಂಗದೂರದಷ್ಟೇ ಸಣ್ಣ ರಚನೆಯಲ್ಲಿವೆ. ನಮ್ಮ ಒರೆಸುಬಟ್ಟೆಗೆ ಅದು ಅರ್ಥವಾಗುವುದಿಲ್ಲ.

ಮನೆಯಲ್ಲಿ, ಶಾಲೆಯಲ್ಲಿ ಹೀಗೆ ಮಾಡಿ

1. ಮೊದಲು ಖನಿಜ ಯಾವುದೆಂದು ಗುರುತಿಸಿ. ಗೊತ್ತಿಲ್ಲದ ಮಾದರಿಯನ್ನು ತೊಳೆಯಬೇಡಿ. ಅದರ ಹೆಸರು, ಸಿಕ್ಕ ಸ್ಥಳ ಬರೆದ ಚೀಟಿಯನ್ನು ಪಕ್ಕಕ್ಕೆ ತೆಗೆದಿಡಿ. ಚೀಟಿ ಕಳೆದ ಮಾದರಿ ಅರ್ಧ ಕಳೆದಂತೆಯೇ.

2. ದೂಳನ್ನು ಒರೆಸಬೇಡಿ, ಊದಿ. ಬಾಯಿಯಿಂದಲ್ಲ, ಎಂಜಲು ಹಾರುತ್ತದೆ. ಕ್ಯಾಮೆರಾ ಶುಚಿಗೊಳಿಸುವ ರಬ್ಬರ್ ಬುಗ್ಗೆ ಬಳಸಿ. ಉಳಿದದ್ದನ್ನು ಚಿತ್ರ ಬಿಡಿಸುವ ಮೆತ್ತನೆಯ ಕುಂಚದಿಂದ ಒತ್ತದೆ ಸರಿಸಿ. ಟಾಲ್ಕ್, ಜಿಪ್ಸಮ್‌ಗಳಿಗೆ ಇಲ್ಲಿಗೇ ನಿಲ್ಲಿಸುವುದು ಕ್ಷೇಮ.

3. ಕಲ್ಲುಪ್ಪಿಗೆ ನೀರು ತಾಗಿಸಬೇಡಿ. ತೀರ ಅಗತ್ಯವಾದರೆ ನೀರಿಲ್ಲದ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಬಹುದು. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಕೂಡದು.

4. ಕ್ಯಾಲ್ಸೈಟ್, ಫ್ಲೂರೈಟ್‌ಗಳನ್ನು ದೂಳು ತೆಗೆದ ಬಳಿಕ ಕೋಣೆಯಷ್ಟೇ ಬೆಚ್ಚಗಿರುವ ನೀರಿನಲ್ಲಿ, ಒಂದೆರಡು ಹನಿ ಸೌಮ್ಯ ದ್ರವಸಾಬೂನು ಹಾಕಿ, ಬೇಗ ಅದ್ದಿ ತೆಗೆಯಬಹುದು. ಬಳಿಕ ಬಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಿ, ಮೆತ್ತನೆಯ ಬಟ್ಟೆಗೆ ತಾಗಿಸಿ ನೀರು ಹೀರಿಸಿ. ತಿಕ್ಕಬೇಡಿ. ಬಿಸಿಲಿನಲ್ಲಿ ಒಣಗಿಸಬೇಡಿ.

5. ಮುತ್ತನ್ನು ಧರಿಸಿ ತೆಗೆದ ಪ್ರತಿ ಸಲ, ನೀರಲ್ಲಿ ಹಿಂಡಿದ ಮೆತ್ತನೆಯ ಶುಭ್ರ ಬಟ್ಟೆಯಿಂದ ಹಗುರವಾಗಿ ಒತ್ತಿ ತೆಗೆಯಿರಿ. ಮುತ್ತಿನ ಸರವನ್ನು ನೆನೆಹಾಕಿದರೆ ರೇಷ್ಮೆದಾರ ಸಡಿಲವಾಗುತ್ತದೆ. ಓಪಲ್‌ಗೂ ಒದ್ದೆಬಟ್ಟೆ ಸಾಕು. ಪದರ ಅಂಟಿಸಿ ಮಾಡಿದ ಓಪಲ್‌ಗಳು ನೆನೆದರೆ ಅಂಟು ಬಿಡುತ್ತವೆ.

6. ಮಾದರಿಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಇಡಿ. ಒಂದೇ ಡಬ್ಬಿಯಲ್ಲಿ ಕ್ವಾರ್ಟ್ಸ್ ಮತ್ತು ಕ್ಯಾಲ್ಸೈಟ್ ಇಟ್ಟರೆ ಮೋಸ್‌ನ ಪ್ರಯೋಗ ತಾನಾಗಿ ನಡೆಯುತ್ತದೆ.

7. ಎಳೆಎಳೆಯಾದ ಕಲ್ನಾರಿನ ಜಾತಿಯ ಮಾದರಿಗಳು, ಪಾದರಸದ ಸಿನಬಾರ್, ಆರ್ಸೆನಿಕ್‌ನ ಹರಿದಾಳ ಮತ್ತು ಮಣಿಶಿಲೆ, ಸೀಸದ ಗೆಲೀನ ಇವುಗಳನ್ನು ಮನೆಯಲ್ಲಿ ಶುಚಿಗೊಳಿಸಲು ಹೋಗಬೇಡಿ. ಇಲ್ಲಿ ಹಾಳಾಗುವುದು ಹರಳಲ್ಲ, ನಿಮ್ಮ ಆರೋಗ್ಯ. ಮಕ್ಕಳ ಕೈಗಂತೂ ಕೊಡಲೇಬೇಡಿ.

ಕೊನೆಗೆ ನಮ್ಮ ಹರಳಿನ ವಿಷಯ. ಅದನ್ನು ಭೂವಿಜ್ಞಾನ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಉಜ್ಜಿ ಹೊಳಪು ಬರಿಸಲು ಆಗುತ್ತದೆಯೇ ಎಂದು ಕೇಳಿದೆ. ಅವರು ನಕ್ಕು, "ಉಜ್ಜಿದ್ದು ಸಾಲದೇ?" ಎಂದರು. ಮಬ್ಬಾದ ಮುಖಕ್ಕೆ ಸಮಾಂತರವಾಗಿ ತೆಳುವಾದ ಅಲಗನ್ನಿಟ್ಟು ಮೇಲಿನಿಂದ ಒಂದು ಸಣ್ಣ ಪೆಟ್ಟು ಕೊಟ್ಟರು. ಹಾಯ್ ಕಂಡ ಸೀಳುತಲದಲ್ಲಿ ಒಂದು ಹಲ್ಲೆ ಬಿಟ್ಟುಕೊಂಡು ಬಂತು. ಎದುರು ಮುಖಕ್ಕೂ ಹಾಗೆಯೇ ಮಾಡಿದರು. ಒಳಗಿನ ಹೊಸ ಮುಖಗಳು ಕನ್ನಡಿಯಂತೆ ಹೊಳೆದವು.

ಕ್ಯಾಲ್ಸೈಟ್‌ನಲ್ಲಿ ಎರಡು ಚುಕ್ಕೆಗಳ ನಡುವಿನ ಅಂತರ ಹರಳಿನ ದಪ್ಪದ ಸುಮಾರು ಒಂಬತ್ತನೆಯ ಒಂದು ಭಾಗ. 27 ಮಿಲಿಮೀಟರ್ ಇದ್ದ ದಪ್ಪ 22ಕ್ಕೆ ಇಳಿದಿತ್ತು. ಮೂರು ಮಿಲಿಮೀಟರ್ ಇದ್ದ ಅಂತರ ಎರಡೂವರೆಗಿಂತ ಕಡಿಮೆಯಾಯಿತು. ಒಂದು ದಿನದ ಫಳಫಳಕ್ಕೆ ನಾವು ತೆತ್ತ ಬೆಲೆ ಆ ಅರ್ಧ ಮಿಲಿಮೀಟರ್. ಈಗಲೂ ದ್ವಿವಕ್ರೀಭವನದ ಪಾಠದ ದಿನ ಹರಳಿನ ಜೊತೆ ಆ ಮಬ್ಬು ಹಲ್ಲೆಗಳನ್ನೂ ತರಗತಿಗೆ ಒಯ್ಯುತ್ತೇನೆ. ವಿದ್ಯಾರ್ಥಿಗಳು ಎರಡನ್ನೂ ಅಳೆದು, ಹರಳು ಮೊದಲು ಎಷ್ಟು ದಪ್ಪವಿತ್ತೆಂದು ತಾವೇ ಲೆಕ್ಕ ಹಾಕುತ್ತಾರೆ. ನಿಮ್ಮ ಪ್ರಯೋಗಾಲಯದ ಕಪಾಟಿನಲ್ಲೂ ಇಂಥ ಹರಳಿದ್ದರೆ ಈ ವಾರ ತೆರೆದು ನೋಡಿ. ಬಟ್ಟೆಯನ್ನು ಮಾತ್ರ ಕೈಗೆ ತೆಗೆದುಕೊಳ್ಳಬೇಡಿ.